ಸಹಿ ಹಾಕಿದರೆ ಒಪ್ಪಿದ ಹಾಗಲ್ಲ: ಟೆಕ್ಸಸ್ ಸರ್ಕಾರಿ ಶಾಲೆಯಲ್ಲಿ ನನ್ನ ಮೊದಲ ಟಿ-ಟೆಸ್

ಮೇ ಮೊದಲ ವಾರ ನನ್ನ ವರ್ಷದ ಟಿ-ಟೆಸ್ ವರದಿಗೆ, ಅಂದರೆ ಶಿಕ್ಷಕರ ಮೌಲ್ಯಮಾಪನದ ವರದಿಗೆ, ಸಹಿ ಹಾಕಿ ಬಂದೆ. ಶುರುವಾಗಿದ್ದು ಆಗಸ್ಟಿನಲ್ಲಿ. ಡಾಲಸ್ ಸುತ್ತಮುತ್ತ ನಮ್ಮ ಕಡೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಸರ್ಕಾರಿ ಶಾಲೆಗಳಿಗೆ ಸೇರುತ್ತಿದ್ದಾರೆ. ಅವರಲ್ಲಿ ಮೂರ್ನಾಲ್ಕು ಜನ ಆಗಲೇ ನನಗೆ ಫೋನ್ ಮಾಡಿ, 'ಟಿ-ಟೆಸ್ ಅಂದ್ರೆ ಏನು? ಕಡಿಮೆ ಬಂದ್ರೆ ಕೆಲಸ ಹೋಗತ್ತಾ?' ಅಂತ ಕೇಳಿದ್ದಾರೆ. ಎಲ್ಲರಿಗೂ ಒಂದೊಂದು ಗಂಟೆ ಹೇಳುವ ಬದಲು ಒಂದು ಸಲ ಬರೆದಿಡೋಣ ಅನಿಸಿತು.

ನಾನು ಹಾಸನದ ಹತ್ತಿರ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಆರು ವರ್ಷ ಗಣಿತ ಹೇಳಿಕೊಟ್ಟವಳು. ಅಲ್ಲಿ ನಮಗೆ ತಪಾಸಣೆ ಅಂದರೆ ಬಿಇಒ ಸಾಹೇಬರು ಬರುವುದು. ಹಿಂದಿನ ದಿನವೇ ಸುದ್ದಿ ಮುಟ್ಟುತ್ತಿತ್ತು. ಪಾಠ ಟಿಪ್ಪಣಿ, ಹಾಜರಿ ಪುಸ್ತಕ ನೋಡಿ, ಮುಂದಿನ ಬೆಂಚಿನ ಹುಡುಗನಿಗೆ ಒಂದು ಪ್ರಶ್ನೆ ಕೇಳಿ, ಭೇಟಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಹೊರಡುತ್ತಿದ್ದರು. ಮಕ್ಕಳು ತುಟಿಪಿಟಕ್ ಅನ್ನದೆ ಕೂತರೆ ಒಳ್ಳೆಯ ಕ್ಲಾಸು. ಇದು ತಲೆಯಲ್ಲಿ ಇಷ್ಟು ಗಟ್ಟಿಯಾಗಿ ಕೂತಿದೆ ಅಂತ ನನಗೆ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು.

ಡಿಗ್ರಿಗಳ ಮೌಲ್ಯಾಂಕನ, ಸರ್ಟಿಫಿಕೇಶನ್ ಪರೀಕ್ಷೆ, ಬೆರಳಚ್ಚು, ಅದೆಲ್ಲ ಬೇರೆಯದೇ ಪುರಾಣ, ಇಲ್ಲಿ ಬೇಡ. ಒಂದು ವರ್ಷದ ಇಂಟರ್ನ್ ಸರ್ಟಿಫಿಕೇಟ್ ಮೇಲೆ ನಾಲ್ಕನೇ ತರಗತಿಗೆ ಗಣಿತ ಮತ್ತು ವಿಜ್ಞಾನ ಹೇಳಿಕೊಡಲು ಸೇರಿಕೊಂಡೆ. ಕಾಂಟ್ರಾಕ್ಟು ಪ್ರೊಬೇಷನರಿ, ಅಂದರೆ ವರ್ಷದ ಕೊನೆಗೆ ಮುಂದುವರಿಸಲೂಬಹುದು, ಬಿಡಲೂಬಹುದು. ಈ ಒಂದು ಪದ ವರ್ಷಪೂರ್ತಿ ಬೆನ್ನಿಗೆ ಬಿದ್ದಿತ್ತು.

ಮಕ್ಕಳು ಬರುವ ಮುಂಚೆ ಆಗಸ್ಟಿನಲ್ಲಿ ಓರಿಯೆಂಟೇಶನ್ ಇರುತ್ತದೆ. ಟೆಕ್ಸಸ್‌ನಲ್ಲಿ 1997ರಿಂದ ಪಿಡಾಸ್ ಅನ್ನುವ ಹಳೆಯ ಪದ್ಧತಿ ಇತ್ತಂತೆ. 2016-17ರಿಂದ ಅದರ ಜಾಗದಲ್ಲಿ ಟಿ-ಟೆಸ್ ಬಂದಿದೆ. ಎಲ್ಲ ಡಿಸ್ಟ್ರಿಕ್ಟುಗಳೂ (ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಗಳು) ಇದನ್ನೇ ಬಳಸಬೇಕು ಅಂತ ಇಲ್ಲ, ತಮ್ಮದೇ ಪದ್ಧತಿ ಮಾಡಿಕೊಳ್ಳಬಹುದು. ಡಾಲಸ್ ಡಿಸ್ಟ್ರಿಕ್ಟಿನಲ್ಲಿ ಟಿಇಐ ಅಂತ ಬೇರೆಯೇ ಇದೆ. ಹಾಗಾಗಿ ಪಕ್ಕದ ಊರಿನ ಗೆಳತಿ ಹೇಳಿದ್ದನ್ನು ಕೇಳಿ ಗಾಬರಿಯಾಗುವ ಮೊದಲು, ನಿಮ್ಮ ಡಿಸ್ಟ್ರಿಕ್ಟಿನಲ್ಲಿ ಯಾವುದು ಅಂತ ವಿಚಾರಿಸಿ.

ಟಿ-ಟೆಸ್‌ನಲ್ಲಿ ನಾಲ್ಕು ಡೊಮೇನ್: ಪಾಠದ ತಯಾರಿ, ಬೋಧನೆ, ಕ್ಲಾಸಿನ ವಾತಾವರಣ, ಶಿಕ್ಷಕರ ವೃತ್ತಿ ನಡವಳಿಕೆ. ಅವುಗಳ ಒಳಗೆ ಒಟ್ಟು 16 ಅಂಶ. ಪ್ರತಿಯೊಂದಕ್ಕೂ ಐದು ಮಟ್ಟ. ಮೇಲಿಂದ ಡಿಸ್ಟಿಂಗ್ವಿಶ್ಡ್, ಅಕಾಂಪ್ಲಿಶ್ಡ್, ಪ್ರೊಫಿಶಿಯೆಂಟ್, ಡೆವಲಪಿಂಗ್, ಕೊನೆಗೆ ಇಂಪ್ರೂವ್‌ಮೆಂಟ್ ನೀಡೆಡ್. ಓರಿಯೆಂಟೇಶನ್ ಕೊಟ್ಟವರು ಮೂರು ಸಲ ಹೇಳಿದರು: ಪ್ರೊಫಿಶಿಯೆಂಟ್ ಅಂದರೆ ಗಟ್ಟಿ ಶಿಕ್ಷಕ, ಅದು ಬಂದರೆ ಖುಷಿ ಪಡಿ. ನನಗೆ ಮಾತ್ರ ಎದೆ ಧಸಕ್ ಅಂದಿತು. ಐದರಲ್ಲಿ ಮೂರು ಅಂದರೆ ನೂರಕ್ಕೆ ಅರವತ್ತು ಅಲ್ವಾ? ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಟಿಂಕ್ಷನ್ ತೆಗೆದವಳು ನಾನು. ಅಮ್ಮ ಇವತ್ತಿಗೂ ಅದನ್ನು ಹೇಳಿಕೊಂಡು ತಿರುಗುತ್ತಾಳೆ.

ಈ ಅಂಶ, ಮಟ್ಟಗಳ ಕೋಷ್ಟಕಕ್ಕೆ ರೂಬ್ರಿಕ್ ಅನ್ನುತ್ತಾರೆ, ಎಡತುದಿಯಲ್ಲಿ ಡಿಸ್ಟಿಂಗ್ವಿಶ್ಡ್, ಬಲತುದಿಯಲ್ಲಿ ಇಂಪ್ರೂವ್‌ಮೆಂಟ್ ನೀಡೆಡ್. ಅದನ್ನು ಬಲದಿಂದ ಎಡಕ್ಕೆ ಓದಿ, ಇದು ನನ್ನ ಮೊದಲ ಸಲಹೆ. ಬಲತುದಿಯಲ್ಲಿ ಎಲ್ಲವೂ ಶಿಕ್ಷಕರ ಕೆಲಸ. ಎಡಕ್ಕೆ ಹೋದ ಹಾಗೆ ಅದೇ ಕೆಲಸ ಮಕ್ಕಳ ಕೈಗೆ ಹೋಗುತ್ತದೆ. ಕೊನೆಯ ಕಾಲಮ್ಮಿನಲ್ಲಿ ಮಕ್ಕಳೇ ತಮ್ಮ ಗುರಿ ಇಟ್ಟುಕೊಳ್ಳುತ್ತಾರೆ, ಮಕ್ಕಳೇ ತಮ್ಮ ತಪ್ಪು ಹಿಡಿಯುತ್ತಾರೆ. ನಾನು ಪ್ರಿಂಟ್ ತೆಗೆದು ಹಳದಿ ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಎಳೆದಿದ್ದೆಲ್ಲ ಶಿಕ್ಷಕರು ಏನು ಮಾಡಬೇಕು ಅನ್ನುವ ಸಾಲುಗಳಿಗೆ. ಅಲ್ಲೇ ಎಡವಿದ್ದೆ, ಗೊತ್ತಾಗಲಿಲ್ಲ.

ಮೊದಲ ಕಾಗದ ಗುರಿಗಳ ಫಾರಂ. ಹೊಸಬರು ಓರಿಯೆಂಟೇಶನ್ ಆಗಿ ಆರು ವಾರದೊಳಗೆ ಕೊಡಬೇಕು. 'ಎಲ್ಲ ಮಕ್ಕಳೂ ಗಣಿತದಲ್ಲಿ ಚೆನ್ನಾಗಿ ಮುಂದೆ ಬರಬೇಕು' ಅಂತ ಬರೆದೆ. ವಾಪಸ್ ಬಂತು. 'ಶೇ. 80 ಮಕ್ಕಳು ಪಾಸಾಗಬೇಕು' ಅಂತ ಬರೆದೆ. ಅದೂ ವಾಪಸ್. ಮಕ್ಕಳ ಗುರಿ ಸರಿ, ನೀನು ಏನನ್ನು ಬದಲಾಯಿಸಿಕೊಳ್ಳುತ್ತೀಯ ಅಂತ ಪಕ್ಕದಲ್ಲಿ ಟಿಪ್ಪಣಿ. ಕೊನೆಗೆ ದಾರಿ ತೋರಿಸಿದ್ದು ಕನ್ನಡ ಸಂಘದಲ್ಲಿ ಪರಿಚಯವಾದ ಒಬ್ಬ ಅಕ್ಕ. ಬೇರೆ ಡಿಸ್ಟ್ರಿಕ್ಟಿನಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. 'ಸಣ್ಣದು ಬರಿ, ಎಣಿಸೋಕೆ ಆಗೋ ಅಂಥದ್ದು ಬರಿ' ಅಂದರು. 'ಪ್ರತಿ ಪಾಠದಲ್ಲಿ ಕನಿಷ್ಠ ನಾಲ್ಕು ಸಲ ಮಕ್ಕಳು ತಮ್ಮ ಉತ್ತರಕ್ಕೆ ಕಾರಣ ಹೇಳುವಂಥ ಪ್ರಶ್ನೆ ಕೇಳುತ್ತೇನೆ' ಅಂತ ಬರೆದೆ. ಒಪ್ಪಿಗೆ ಸಿಕ್ಕಿತು. ಬರೆದು ಮರೆತೆ, ಅದು ಬೇರೆ ಮಾತು.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ವಾಕ್‌ಥ್ರೂಗಳು. ಹೇಳದೆ ಕೇಳದೆ ಬಾಗಿಲು ತೆಗೆದು ಬಂದು ಹತ್ತು ಹದಿನೈದು ನಿಮಿಷ ನಿಂತು ಹೋಗುತ್ತಾರೆ. ಮೊದಲ ಸಲ ನಾನು ಪಾಠ ನಿಲ್ಲಿಸಿ ಮಕ್ಕಳಿಗೆ ಎದ್ದು ನಿಲ್ಲಲು ಕೈ ಸನ್ನೆ ಮಾಡಿದೆ! ಮಕ್ಕಳು ಯಾಕೆ ಅಂತ ಗೊತ್ತಾಗದೆ ನನ್ನ ಮುಖ ನೋಡಿದವು. ಬಂದಿದ್ದ ಅಸಿಸ್ಟೆಂಟ್ ಪ್ರಿನ್ಸಿಪಾಲ್ ನಕ್ಕು, ನಾನು ಇಲ್ಲ ಅಂದುಕೊಳ್ಳಿ ಅಂದರು. ಅವರೇ ನನ್ನ ಅಪ್ರೈಸರ್, ಅಂದರೆ ನನ್ನ ಕೆಲಸ ನೋಡಿ ಮಟ್ಟ ಹಾಕುವವರು. ನನ್ನ ಹಾಗೆ ಇಂಟರ್ನ್ ಆಗಿರುವವರು ಇನ್ನೊಂದು ಗೊಂದಲ ಮಾಡಿಕೊಳ್ಳಬೇಡಿ. ಸರ್ಟಿಫಿಕೇಶನ್ ಪ್ರೋಗ್ರಾಮಿನಿಂದ ಬರುವ ಫೀಲ್ಡ್ ಸೂಪರ್‌ವೈಸರ್ ಬೇರೆ, ಶಾಲೆಯ ಅಪ್ರೈಸರ್ ಬೇರೆ. ಇಬ್ಬರೂ ಹಿಂದೆ ಕೂತು ಲ್ಯಾಪ್‌ಟಾಪ್ ಕುಟ್ಟುತ್ತಾರೆ. ಒಬ್ಬರ ಹೊಗಳಿಕೆ ಇನ್ನೊಬ್ಬರ ಫಾರಮ್ಮಿಗೆ ಬರುವುದಿಲ್ಲ. ನಾನು ಎರಡು ತಿಂಗಳು ಬರುತ್ತದೆ ಅಂದುಕೊಂಡಿದ್ದೆ.

ದೊಡ್ಡ ವೀಕ್ಷಣೆ ನವೆಂಬರ್ 12ಕ್ಕೆ ಅಂತ ನಿಗದಿಯಾಯಿತು. ಕಡಿಮೆ ಅಂದರೂ 45 ನಿಮಿಷ. ಅದಕ್ಕೆ ಮುಂಚೆ ಪ್ರೀ-ಕಾನ್ಫರೆನ್ಸ್, ಅಂದರೆ ಆ ಪಾಠದ ಬಗ್ಗೆ ಅಪ್ರೈಸರ್ ಜೊತೆ ಮಾತುಕತೆ. ನಾನು ಒಂಬತ್ತು ಪುಟದ ಪಾಠ ಯೋಜನೆ ತಗೊಂಡು ಹೋಗಿದ್ದೆ, ಬಿ.ಎಡ್.ನಲ್ಲಿ ಬರೆಯುತ್ತಿದ್ದ ಹಾಗೆ ಕಾಲಮ್ ಹಾಕಿ. ಛೇದ ಬೇರೆಬೇರೆ ಇರುವ ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದು ಅನ್ನುವ ಪಾಠ. ಅವರು ಪುಟ ತಿರುವಲೇ ಇಲ್ಲ. 'ಆ ಹೊತ್ತಿಗೆ ಮಕ್ಕಳು ಏನು ಮಾಡ್ತಾ ಇರ್ತಾರೆ?' ಅಂತ ಕೇಳಿದರು. ಹೇಳಿದೆ. 'ಅವರಿಗೆ ಅರ್ಥ ಆಯ್ತು ಅಂತ ನಿಮಗೆ ಹೇಗೆ ಗೊತ್ತಾಗತ್ತೆ?' ಪರೀಕ್ಷೆ ಕೊಡ್ತೀನಿ ಅಂದೆ. 'ಅದಕ್ಕಿಂತ ಮುಂಚೆ?' ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಬಣ್ಣದ ಕಾಗದದ ಪಟ್ಟಿ ಕತ್ತರಿಸಿದೆವು, ನಾನು, ನಮ್ಮೆಜಮಾನರು, ಮಗಳು ಮೂವರೂ. 24 ಮಕ್ಕಳು, ಒಬ್ಬೊಬ್ಬರಿಗೆ ಐದು ಬಣ್ಣ. ಚಾರ್ಟು, ಮಾರ್ಕರು, ಕಾಗದ ಅಂತ ಆ ವಾರ ಜೇಬಿನಿಂದ 60 ಡಾಲರ್ ಮೇಲೆ ಹೋಯಿತು. ರಸೀದಿ ಇಟ್ಟುಕೊಳ್ಳಿ. ಶಿಕ್ಷಕರು ಕ್ಲಾಸಿಗೆ ಅಂತ ಮಾಡಿದ ಖರ್ಚನ್ನು ಫೆಡರಲ್ ತೆರಿಗೆ ಹಾಕುವ ಆದಾಯದಿಂದ ಒಂದು ಮಿತಿಯವರೆಗೆ ಕಳೆಯಬಹುದು, 2025ರಲ್ಲಿ ಅದು 300 ಡಾಲರ್ ಇತ್ತು. ಆ ವಿಷಯ ನನಗೆ ಗೊತ್ತಾಗುವ ಹೊತ್ತಿಗೆ ಅರ್ಧ ರಸೀದಿ ಕಸದ ಬುಟ್ಟಿ ಸೇರಿತ್ತು.

ಆ ದಿನ ಮೊದಲ ಇಪ್ಪತ್ತು ನಿಮಿಷ ಚೆನ್ನಾಗೇ ಹೋಯಿತು. ಅಪ್ರೈಸರ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಟೈಪ್ ಮಾಡುತ್ತಿದ್ದರು. ನಾನು ಮಾತಾಡಿದರೆ ಟಕಟಕ, ಸುಮ್ಮನಾದರೆ ಅದೂ ಸುಮ್ಮನೆ. ಆಮೇಲೆ ಒಂದು ಹುಡುಗಿ ಕೈ ಎತ್ತಿ, ಎಂಟನೇ ಮೂರು ಭಾಗ ಅರ್ಧಕ್ಕಿಂತ ದೊಡ್ಡದು, ಯಾಕಂದ್ರೆ ಎಂಟು ದೊಡ್ಡದು ಅಂದಳು. ಆರು ವರ್ಷದ ಅಭ್ಯಾಸ ನೋಡಿ, ಬಾಯಿಂದ ತಕ್ಷಣ 'ನೋ' ಅಂತ ಬಂತು. ತಿರುಗಿ ಬೋರ್ಡ್ ಮೇಲೆ ಸರಿ ಉತ್ತರ ಬರೆದು, ವಿವರಿಸಿ, ಮುಂದೆ ಹೋದೆ. ಆ ಹುಡುಗಿಯ ಕೈಯಲ್ಲೇ ಎಂಟು ಮಡಿಕೆಯ ನೀಲಿ ಪಟ್ಟಿ, ಎರಡು ಮಡಿಕೆಯ ಕೆಂಪು ಪಟ್ಟಿ ಎರಡೂ ಇದ್ದವು. ಪಕ್ಕಪಕ್ಕ ಇಟ್ಟು ನೋಡು ಅಂದಿದ್ದರೆ ಅವಳೇ ಹೇಳುತ್ತಿದ್ದಳು. ರಾತ್ರಿ ಮೂರು ಜನ ಕೂತು ಕತ್ತರಿಸಿದ ಪಟ್ಟಿ!

ಅಷ್ಟರಲ್ಲಿ ಅಪ್ರೈಸರ್ ಎದ್ದು ಬಂದು ಒಬ್ಬ ಹುಡುಗನ ಪಕ್ಕ ಮಂಡಿಯೂರಿ ಕೂತರು. 'ಇವತ್ತು ಏನು ಕಲೀತಾ ಇದ್ದೀಯ?' ಅಂತ ಕೇಳಿದ್ದು ನನಗೆ ಕೇಳಿಸಿತು. ಅವನು ಬಹಳ ಸಂತೋಷದಿಂದ, 'ಪೇಪರ್ ಮಡಚ್ತಾ ಇದ್ದೀವಿ' ಅಂದ.

ವೀಕ್ಷಣೆ ಆದ ಮೇಲೆ ಹತ್ತು ಕೆಲಸದ ದಿನದೊಳಗೆ ಪೋಸ್ಟ್-ಕಾನ್ಫರೆನ್ಸ್ ಆಗಬೇಕು. ನಡುವೆ ಥ್ಯಾಂಕ್ಸ್‌ಗಿವಿಂಗ್ ವಾರ ರಜೆ, ಅದು ಲೆಕ್ಕಕ್ಕಿಲ್ಲ. ಹಾಗಾಗಿ ಹತ್ತು ದಿನ ಅಂದರೆ ಮೂರು ವಾರ. ಅಷ್ಟೂ ದಿನ ನಾನು ಕಾರಿಡಾರಿನಲ್ಲಿ ಅಪ್ರೈಸರ್ ಮುಖ ನೋಡಿ ನಂಬರ್ ಊಹೆ ಮಾಡುತ್ತಿದ್ದೆ. ನಕ್ಕರೆ ಪ್ರೊಫಿಶಿಯೆಂಟ್, ಫೋನ್ ನೋಡಿಕೊಂಡು ಹೋದರೆ ಡೆವಲಪಿಂಗ್. ಮೀಟಿಂಗ್ ಎರಡು ಸಲ ಮುಂದೆ ಹೋಯಿತು. ಕೊನೆಗೆ ಡಿಸೆಂಬರ್ 5ಕ್ಕೆ ನಡೆಯಿತು. ಆಮೇಲೆ ಕ್ಯಾಲೆಂಡರ್ ಹಿಡಿದು ಎಣಿಸಿದರೆ ಹನ್ನೆರಡನೇ ದಿನ.

ಈ ಮೀಟಿಂಗಿನಲ್ಲಿ ಒಂದು ಚೆನ್ನಾಗಿದ್ದ ಅಂಶ, ಒಂದು ತಿದ್ದಿಕೊಳ್ಳಬೇಕಾದ ಅಂಶ ಹೇಳುತ್ತಾರೆ. ಚೆನ್ನಾಗಿದ್ದದ್ದು ನನ್ನ ವಿಷಯಜ್ಞಾನ. ಹೆಚ್ಚಿನವೆಲ್ಲ ಪ್ರೊಫಿಶಿಯೆಂಟ್. ಎರಡು ಡೆವಲಪಿಂಗ್. ಒಂದು, ಮಕ್ಕಳ ಉತ್ತರ ನೋಡಿ ಪಾಠ ಬದಲಾಯಿಸಿಕೊಳ್ಳುವುದು. ಅದರ ಕೆಳಗೆ ಸಾಕ್ಷಿ ಅಂತ ಆ ಹುಡುಗಿಯ ಮಾತು, ನನ್ನ 'ನೋ' ಎರಡೂ ಇದ್ದಹಾಗೇ ಇದ್ದವು. ನಾಚಿಕೆ ಆಯಿತು, ಆದರೆ ಸುಳ್ಳು ಅನ್ನೋ ಹಾಗಿರಲಿಲ್ಲ. ಇನ್ನೊಂದು, ಬೇರೆಬೇರೆ ಮಟ್ಟದ ಮಕ್ಕಳಿಗೆ ಬೇರೆಬೇರೆ ಸಹಾಯ ಕೊಡುವುದು. ಅಲ್ಲಿ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಯಾವ ಸಹಾಯವೂ ಕಾಣಲಿಲ್ಲ ಅಂತ ಬರೆದಿತ್ತು.

ಇದು ಮಾತ್ರ ನನಗೆ ತಡೆಯಲಾಗಲಿಲ್ಲ. ಹಿಂದಿನ ಮೇಜಿನಲ್ಲಿ ಮೂರು ಮಕ್ಕಳ ಮನೆಮಾತು ಸ್ಪ್ಯಾನಿಷ್. ಅವರಿಗೆ ಅಂತಲೇ ಚಿತ್ರ ಹಾಕಿ, ಎರಡೂ ಭಾಷೆಯಲ್ಲಿ ಪದ ಬರೆದು ಕಾರ್ಡ್ ಮಾಡಿಕೊಟ್ಟಿದ್ದೆ. ಅಪ್ರೈಸರ್ ಕೂತಿದ್ದ ಜಾಗದಿಂದ ಆ ಮೇಜು ಕಾಣುವುದಿಲ್ಲ, ನಡುವೆ ಪುಸ್ತಕದ ಕಪಾಟು. ಆದರೆ ಆ ಹೊತ್ತಿಗೆ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಮೇಲಿನವರು ಹೇಳಿದಾಗ ತಲೆ ಆಡಿಸಿಯೇ ಬೆಳೆದಿದ್ದೇವಲ್ಲ. 'ಓಕೆ, ಥ್ಯಾಂಕ್ಯೂ' ಅಂದು ಹೊರಗೆ ಬಂದು, ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ಹಾಕಿಕೊಂಡು ಅತ್ತೆ. ಇವರಿಗೆ ಫೋನ್ ಮಾಡಿದರೆ, 'ಮೊದಲು ಮನೆಗೆ ಬಾ, ಚಿತ್ರಾನ್ನ ಕಲಸಿಟ್ಟಿದೀನಿ' ಅಂದರು.

ರಾತ್ರಿ ಅಕ್ಕನಿಗೆ ಹೇಳಿದೆ. 'ಅಕ್ಕಾ, ಆನ್‌ಲೈನಿನಲ್ಲಿ ಸಹಿ ಹಾಕು ಅಂತ ಬಂದಿದೆ, ಹಾಕಲ್ಲ ನಾನು' ಅಂದೆ. 'ಹಾಕು ಮಾರಾಯ್ತಿ' ಅಂದರು. 'ಸಹಿ ಅಂದ್ರೆ ಕಾಗದ ಕೈಗೆ ಬಂತು ಅಂತ ಅಷ್ಟೇ, ಒಪ್ಪಿದೀನಿ ಅಂತ ಅಲ್ಲ. ಸಹಿ ಹಾಕಿ ಇವತ್ತಿಂದ ದಿನ ಎಣಿಸು.' ಈ ಬರಹದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಅಕ್ಕನ ಈ ಮಾತು ಇಟ್ಟುಕೊಳ್ಳಿ. ಬರೆದ ವರದಿ ಕೈಗೆ ಬಂದ ಮೇಲೆ ಹತ್ತು ಕೆಲಸದ ದಿನದೊಳಗೆ ನಿಮ್ಮ ಉತ್ತರ ಬರೆದು ಕೊಡಬಹುದು. ಅಷ್ಟೇ ದಿನದೊಳಗೆ ಬೇರೆ ಅಪ್ರೈಸರ್‌ನಿಂದ ಎರಡನೇ ಮೌಲ್ಯಮಾಪನವನ್ನೂ ಕೇಳಬಹುದು. ಹನ್ನೊಂದನೇ ದಿನ ಬಂದರೆ ಮುಗೀತು.

ಉತ್ತರ ಬರೆಯುವುದು ಸುಲಭ. ಎರಡನೇ ಸಲ ನೋಡಿ ಅಂತ ಕೇಳುವುದಕ್ಕೆ ಎದೆ ಬೇಕು. ನಾನು ಪ್ರೊಬೇಷನರಿ. ಬೇಡದ ತಲೆನೋವು ಇವಳು ಅಂತ ವರ್ಷದ ಕೊನೆಗೆ ಕಾಂಟ್ರಾಕ್ಟ್ ಕೊಡದಿದ್ದರೆ? ಒಂದು ವಾರ ನಿದ್ದೆ ಇಲ್ಲ. ಮೊದಲ ಕರಡು ಮೂರು ಪುಟ ಆಗಿತ್ತು, ಪೂರ್ತಿ ಸಿಟ್ಟು, ಮೀಟಿಂಗ್ ಎರಡು ದಿನ ತಡವಾದದ್ದನ್ನೂ ಸೇರಿಸಿ ಬೈದಿದ್ದೆ. ಅಕ್ಕ ಓದಿ, ವಿಶೇಷಣಗಳನ್ನೆಲ್ಲ ಹೊಡೆದುಹಾಕು ಅಂದರು. ಹೊಡೆದುಹಾಕಿದ ಮೇಲೆ ಅರ್ಧ ಪುಟ ಉಳಿಯಿತು. ಕಾರ್ಡುಗಳ ಫೋಟೋ, ಆ ಮೂರು ಮಕ್ಕಳು ಅದರ ಮೇಲೆ ಬರೆದದ್ದು, ಕಪಾಟು ಎಲ್ಲಿದೆ ಅಂತ ಕ್ಲಾಸಿನ ನಕ್ಷೆ. ಮೊದಲನೇ ಡೆವಲಪಿಂಗ್ ಬಗ್ಗೆ ತಕರಾರು ಎತ್ತಲಿಲ್ಲ. ತಡವಾದದ್ದಕ್ಕೆ ಒಂದು ಸಾಲು, ತಾರೀಕು ಮಾತ್ರ. ಡಿಸೆಂಬರ್ 18, ಒಂಬತ್ತನೇ ದಿನ, ಉತ್ತರ ಮತ್ತು ಎರಡನೇ ಮೌಲ್ಯಮಾಪನದ ಕೋರಿಕೆ ಎರಡನ್ನೂ ಕಳಿಸಿದೆ. ಮಕ್ಕಳ ಹೆಸರು ಕಾಣುವ ಹಾಗೆ ಫೋಟೋ ಹಾಕಬೇಡಿ, ಮುಚ್ಚಿ.

ರಜೆ ಮುಗಿಸಿ ಬಂದ ಮೊದಲ ವಾರವೇ ಪ್ರಿನ್ಸಿಪಾಲ್ ಕರೆದರು. ಬೈಯುತ್ತಾರೆ ಅಂತಲೇ ಹೋದೆ. ಅವರು ಕಾಫಿ ಮುಂದಿಟ್ಟು, 'ನೀವು ಕೇಳಿದ್ದು ಸರಿಯಾಗೇ ಇದೆ. ಮುಂದಿನ ವಾರ ನನ್ನದೂ ಇದೆ' ಅಂದರು. ಏನು ಅಂದರೆ ಟಿ-ಪೆಸ್. ಪ್ರಿನ್ಸಿಪಾಲರಿಗೂ ಹೀಗೇ ಒಂದು ಮೌಲ್ಯಮಾಪನ ಇದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅವರೂ ವರ್ಷದ ಮೊದಲಿಗೆ ತಮಗೆ ತಾವೇ ಅಂಕ ಕೊಟ್ಟುಕೊಂಡು ಗುರಿ ಬರೆಯಬೇಕು. ಅದನ್ನು ನೋಡುವವರು ಡಿಸ್ಟ್ರಿಕ್ಟ್ ಆಫೀಸಿನವರು, ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟಿನ ಮುಖ್ಯಸ್ಥರು) ಅಥವಾ ಅವರು ನೇಮಿಸಿದವರು. ನಡುವರ್ಷದಲ್ಲಿ ಒಂದು ಮೀಟಿಂಗ್, ಕೊನೆಗೆ ಒಂದು. ಒಟ್ಟು ಐದು ಮಾನದಂಡ. ಸಿಬ್ಬಂದಿಯ ಲೆಕ್ಕದಲ್ಲಿ ಶಿಕ್ಷಕರಿಗೆ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಲಹೆ ಸಿಗುತ್ತಿದೆಯಾ ಅನ್ನುವುದೂ ಬರುತ್ತದೆ. ಅಂದರೆ ನನ್ನ ಹನ್ನೆರಡನೇ ದಿನ ಅವರ ತಲೆನೋವೂ ಹೌದು. ಕುರ್ಚಿಯ ಆ ಕಡೆ ಕೂತವರಿಗೂ ಹಿಂದಿನಿಂದ ಯಾರೋ ಲ್ಯಾಪ್‌ಟಾಪ್ ಕುಟ್ಟುತ್ತಿದ್ದಾರೆ ಅಂತ ತಿಳಿದು, ನಿಜ ಹೇಳಬೇಕು, ಸ್ವಲ್ಪ ಸಮಾಧಾನ ಆಯಿತು.

ಜನವರಿ ಕೊನೆಗೆ ಇನ್ನೊಂದು ಶಾಲೆಯಿಂದ ಅಪ್ರೈಸರ್ ಬಂದರು. ವಾರ ಹೇಳಿದ್ದರು, ದಿನ ಹೇಳಿರಲಿಲ್ಲ. ಆ ವಾರ ಪೂರ್ತಿ ಇಸ್ತ್ರಿ ಮಾಡಿದ ಕುರ್ತಾ. ಬಂದಿದ್ದು ಶುಕ್ರವಾರ, ನಾನು ಹಳೆಯ ಸ್ವೆಟರ್ ಹಾಕಿದ ದಿನ. ಇವರು ಒಂದೇ ಕಡೆ ಕೂರಲಿಲ್ಲ, ಮೇಜಿಂದ ಮೇಜಿಗೆ ಓಡಾಡಿದರು. ಫಲಿತಾಂಶ: ಬೇರೆಬೇರೆ ಮಟ್ಟದ ಸಹಾಯಕ್ಕೆ ಪ್ರೊಫಿಶಿಯೆಂಟ್. ಮಕ್ಕಳ ಉತ್ತರಕ್ಕೆ ತಕ್ಕಂತೆ ಪಾಠ ಬದಲಿಸುವುದಕ್ಕೆ ಮತ್ತೆ ಡೆವಲಪಿಂಗ್. ಒಬ್ಬ ಹುಡುಗ ತಪ್ಪು ಹೇಳಿದಾಗ ನಾನು ಈ ಸಲ 'ನೋ' ಅನ್ನಲಿಲ್ಲ. 'ಯಾರು ಸರಿಯಾಗಿ ಹೇಳ್ತೀರಾ?' ಅಂತ ಬೇರೆಯವರನ್ನು ಕೇಳಿದ್ದೆ. ಅದೂ ಅದೇ ರೋಗ, ಬೇರೆ ಬಟ್ಟೆ ತೊಟ್ಟಿತ್ತು. ತಕರಾರು ಎತ್ತಿ ಗೆದ್ದೆ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ, ಸೋತೆ ಅನ್ನುವ ಹಾಗೂ ಇಲ್ಲ.

ದುಡ್ಡಿನ ಬಗ್ಗೆ ಕೇಳುವವರಿಗೆ: ಬರೀ ಟಿ-ಟೆಸ್ ಅಂಕಕ್ಕೆ ಸಂಬಳ ಏರುವುದಿಲ್ಲ. ಆದರೆ 2019ರಲ್ಲಿ ರಾಜ್ಯ ತಂದ ಟೀಚರ್ ಇನ್ಸೆಂಟಿವ್ ಅಲಾಟ್‌ಮೆಂಟ್ ಅಂತ ಒಂದು ಪ್ರೋತ್ಸಾಹಧನ ಇದೆ. ಡಿಸ್ಟ್ರಿಕ್ಟ್ ಅದಕ್ಕೆ ಸೇರಿದ್ದರೆ, ವೀಕ್ಷಣೆಯ ಅಂಕ ಮತ್ತು ಮಕ್ಕಳ ಪ್ರಗತಿ ಎರಡೂ ಸೇರಿಸಿ ಕೆಲವು ಶಿಕ್ಷಕರಿಗೆ ದರ್ಜೆ ಕೊಡುತ್ತಾರೆ. ಮೊದಲು ಒಬ್ಬ ಶಿಕ್ಷಕರ ಲೆಕ್ಕದಲ್ಲಿ ವರ್ಷಕ್ಕೆ 3,000ದಿಂದ 32,000 ಡಾಲರ್‌ವರೆಗೆ ಇತ್ತು, 2025ರ ಕಾನೂನಿನಲ್ಲಿ ಹೆಚ್ಚಿಸಿದ್ದಾರೆ. ಆ ದುಡ್ಡು ಬರುವುದು ಡಿಸ್ಟ್ರಿಕ್ಟಿಗೆ. ಶೇ. 90 ಆ ಶಾಲೆಯ ಶಿಕ್ಷಕರ ಸಂಬಳಕ್ಕೇ ಹೋಗಬೇಕು. ಮಕ್ಕಳ ಪ್ರಗತಿಯನ್ನು ಹೇಗೆ ಅಳೆಯುತ್ತಾರೆ ಅನ್ನುವುದು ಇಲ್ಲಿ ಹಳೆಯ ಜಗಳ. ಹ್ಯೂಸ್ಟನ್‌ನಲ್ಲಿ ಯಾರೂ ಪರಿಶೀಲಿಸಲಾಗದ ಗುಪ್ತ ಸೂತ್ರದಲ್ಲಿ ಅಂಕ ಹಾಕುತ್ತಾರೆ ಅಂತ ಶಿಕ್ಷಕರ ಸಂಘ ಕೋರ್ಟಿಗೆ ಹೋಗಿ, 2017ರಲ್ಲಿ ರಾಜಿ ಆಯಿತು. ನಮ್ಮ ಶಾಲೆಯಲ್ಲಿ ಅಷ್ಟು ದೊಡ್ಡ ಗಣಿತ ಇಲ್ಲ. ವರ್ಷದ ಮೊದಲು ಮಕ್ಕಳು ಎಲ್ಲಿದ್ದರು, ಕೊನೆಗೆ ಎಲ್ಲಿದ್ದಾರೆ ಅಂತ ನಾವೇ ದಾಖಲೆ ಇಡಬೇಕು.

ದಾಖಲೆ ಅಂದರೆ ಕೊನೆಯ ಕಂಟಕ. ಏಪ್ರಿಲ್ ಕೊನೆಗೆ ವರ್ಷಾಂತ್ಯದ ಮೀಟಿಂಗ್. ಈ ಮೀಟಿಂಗ್ ಪಾಠಗಳು ಮುಗಿಯುವ ದಿನಕ್ಕಿಂತ ಕಡಿಮೆ ಅಂದರೂ 15 ಕೆಲಸದ ದಿನ ಮುಂಚೆ ಆಗಬೇಕು, ಅದಕ್ಕೆ ಅಷ್ಟು ಬೇಗ. ಅದೇ ತಿಂಗಳು ಮಕ್ಕಳಿಗೆ ಸ್ಟಾರ್ ಅನ್ನುವ ರಾಜ್ಯ ಮಟ್ಟದ ಪರೀಕ್ಷೆ. ನಾಲ್ಕನೇ ಡೊಮೇನನ್ನು, ಅಂದರೆ ವೃತ್ತಿ ನಡವಳಿಕೆಯನ್ನು, ಕ್ಲಾಸಿಗೆ ಬಂದು ನೋಡಲು ಆಗುವುದಿಲ್ಲ. ತರಬೇತಿ, ಪೋಷಕರ ಜೊತೆ ಮಾತುಕತೆ, ಶಾಲೆಯ ಕಾರ್ಯಕ್ರಮ, ಗುರಿ ಎಷ್ಟು ಮುಟ್ಟಿತು, ಎಲ್ಲಕ್ಕೂ ನೀವೇ ಸಾಕ್ಷಿ ತರಬೇಕು. ನಾನು ಎಲ್ಲ ಮಾಡಿದ್ದೆ, ಏನೂ ಇಟ್ಟುಕೊಂಡಿರಲಿಲ್ಲ. ಪೋಷಕರಿಗೆ ಮಾಡಿದ ಫೋನಿನ ತಾರೀಕು ಹುಡುಕಲು ಆರು ತಿಂಗಳ ಕಾಲ್ ಲಿಸ್ಟ್ ಕೆದಕಿದೆ. ಶನಿವಾರದ ತರಬೇತಿಯ ಸರ್ಟಿಫಿಕೇಟ್ ಒಂದು ಮಗಳ ಡ್ರಾಯಿಂಗ್ ಪುಸ್ತಕದಲ್ಲಿ ಸಿಕ್ಕಿತು, ಹಿಂದೆ ಆನೆ ಬರೆದಿದ್ದಳು. ಹಾಗೇ ಕೊಟ್ಟೆ.

ನಾಲ್ಕು ಸಲ ಕಾರಣ ಕೇಳುವ ಗುರಿ ಏನಾಯಿತು ಅಂತ ಅಪ್ರೈಸರ್ ಕೇಳಿದರು. ಫೆಬ್ರವರಿಯಿಂದ ಕೈಗೆ ನಾಲ್ಕು ರಬ್ಬರ್ ಬ್ಯಾಂಡ್ ಹಾಕಿಕೊಂಡು, ಒಂದೊಂದು ಸಲ ಕೇಳಿದಾಗ ಒಂದೊಂದನ್ನು ಇನ್ನೊಂದು ಕೈಗೆ ಹಾಕುತ್ತಿದ್ದೆ. ಮಕ್ಕಳು ಅದನ್ನು ಕಂಡುಹಿಡಿದು, 'ಮಿಸ್, ಇನ್ನೂ ಎರಡು ಬಾಕಿ' ಅಂತ ನೆನಪಿಸುತ್ತಿದ್ದರು. ಇದನ್ನು ಹೇಳಿದಾಗ ಅವರು ಮೊದಲ ಸಲ ಲ್ಯಾಪ್‌ಟಾಪ್ ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಮತ್ತೆ ತೆಗೆದು ಟೈಪ್ ಮಾಡಿದರು.

ಕಾಂಟ್ರಾಕ್ಟ್ ಮುಂದುವರಿಯಿತು. ಒಟ್ಟಾರೆ ಪ್ರೊಫಿಶಿಯೆಂಟ್. ಅಮ್ಮನಿಗೆ ಫೋನ್ ಮಾಡಿದೆ. 'ಹಾಗಂದ್ರೆ ಫಸ್ಟ್ ಕ್ಲಾಸೇನೆ?' ಅಂದಳು. ಹೌದು ಅಂದೆ. 'ಡಿಸ್ಟಿಂಕ್ಷನ್ ಯಾರಿಗೆ ಬಂತು ಹಾಗಾದ್ರೆ?'

ಮುಂದಿನ ವರ್ಷದ ಗುರಿಯನ್ನು ಅದೇ ಮೀಟಿಂಗಿನಲ್ಲಿ ಬರೆದುಕೊಡಬೇಕಿತ್ತು. 'ತಪ್ಪು ಉತ್ತರ ಬಂದಾಗ ಅದೇ ಮಗುವಿಗೆ ಇನ್ನೊಂದು ಅವಕಾಶ' ಅಂತ ಬರೆದೆ. ಈ ಸಲ ವಾಪಸ್ ಬರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್, ಒಂದು ಪೊಟ್ಟಣ ರಬ್ಬರ್ ಬ್ಯಾಂಡ್ ತಗೊಂಡೆ. ರಸೀದಿ ಫೋಲ್ಡರಿನೊಳಗೇ ಇದೆ.